ಮೊದಲು ತಕ್ಕಡಿ, ಆಮೇಲೆ ಗಾಡಿ

ಹುಬ್ಬಳ್ಳಿ-ಧಾರವಾಡದ ಕಸಕ್ಕೆ ಹರಾಜು ಕೂಗುತ್ತಿದ್ದ ಕಾಲವೊಂದಿತ್ತು. ಊರ ಕಸವನ್ನು ದೊಡ್ಡ ಗುಂಡಿಗಳಿಗೆ ಸುರಿದು, ಅದು ಕೊಳೆತು ಹದಕ್ಕೆ ಬಂದ ಮೇಲೆ ಪಾಲಿಕೆಯವರು ಗುಂಡಿಗೆ ಇಷ್ಟೆಂದು ಸವಾಲು ಹಾಕುತ್ತಿದ್ದರು. ಸುತ್ತಲಿನ ಹಳ್ಳಿಗಳ ರೈತರು ಕೂಗಿ, ದುಡ್ಡು ಕಟ್ಟಿ, ಹೊಲಕ್ಕೆ ಹೇರಿಕೊಂಡು ಹೋಗುತ್ತಿದ್ದರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಫಿಯೋನಾ ನ್ಯೂನನ್ 1990ರ ದಶಕದ ಕೊನೆಯಲ್ಲಿ ಈ ವ್ಯಾಪಾರದ ಅಧ್ಯಯನಕ್ಕೆ ಬಂದಾಗ ಅದು ಆಗಲೇ ಸೊರಗಿತ್ತು. ರೈತರು ಹೇಳಿದ ಕಾರಣ ಸರಳ. ಗೊಬ್ಬರದ ಜೊತೆ ಗಾಜಿನ ಚೂರು, ಪ್ಲಾಸ್ಟಿಕ್ ಚೀಲ ಬರತೊಡಗಿದ್ದವು. ಅವನ್ನು ಆರಿಸಲು ಆಳು ಹಚ್ಚಿದರೆ ಗೊಬ್ಬರದ ಬೆಲೆಗಿಂತ ಕೂಲಿಯೇ ಹೆಚ್ಚು. ಗೊಬ್ಬರದ ಬೇಡಿಕೆ ಬಿದ್ದಿರಲಿಲ್ಲ, ಕಸ ಕೆಟ್ಟಿತ್ತು.

ಈ ಅಧ್ಯಾಯದ ಉಳಿದ ಮಾತೆಲ್ಲ ಆ ಹರಾಜಿನ ನೆರಳಿನಲ್ಲೇ ನಡೆಯುತ್ತದೆ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಬಂದರೆ ಹೆದ್ದಾರಿಯ ಮಗ್ಗುಲಲ್ಲಿ ಶಿಗ್ಗಾವಿ, ಅದರ ಪೂರ್ವಕ್ಕೆ ಸವಣೂರು, ತೆಂಕಣಕ್ಕೆ ಹಾನಗಲ್ಲ, ಹಾವೇರಿ ಜಿಲ್ಲೆಯ ಕೊನೆಯಂಚಿಗೆ ಹಿರೇಕೆರೂರು. 2011ರ ಜನಗಣತಿಯ ಪ್ರಕಾರ ಸವಣೂರಿನಲ್ಲಿ ಸುಮಾರು 40 ಸಾವಿರ ಜನ, ಹಾನಗಲ್ಲ ಮತ್ತು ಶಿಗ್ಗಾವಿಯಲ್ಲಿ ಸುಮಾರು 28 ಸಾವಿರದಷ್ಟು, ಹಿರೇಕೆರೂರಿನಲ್ಲಿ 19 ಸಾವಿರದ ಆಸುಪಾಸು. ಮೊದಲ ಮೂರಕ್ಕೆ ಪುರಸಭೆ, ಹಿರೇಕೆರೂರಿಗೆ ಪಟ್ಟಣ ಪಂಚಾಯಿತಿ. ಕಸದ ಬಗ್ಗೆ ಬರೆಯುವವರೆಲ್ಲ ಬೆಂಗಳೂರಿನ ಕಸ ಹೋಗಿ ಬಿದ್ದ ಮಂಡೂರು, ಮಾವಳ್ಳಿಪುರ ಎನ್ನುತ್ತಾರೆ. ನನಗೆ ಈ ತಾಲ್ಲೂಕು ಊರುಗಳೇ ಹೆಚ್ಚು ಕುತೂಹಲದವು, ಏಕೆಂದರೆ ಬೆಂಗಳೂರಿಗೆ ಎಂದೂ ಸಿಗದ ಒಂದು ಅನುಕೂಲ ಇವಕ್ಕಿದೆ. ಊರಿನ ಕೊನೆಯ ಮನೆ ದಾಟಿದರೆ ಹೊಲ.

ಇಲ್ಲಿ ಅಡುಗೆಮನೆಯ ಕಸ ಬೀದಿಗೆ ಬರುವ ರೂಢಿಯೇ ಈಚಿನದು. ಅಕ್ಕಿ ತೊಳೆದ ನೀರು, ಉಳಿದ ಸಾರು, ಬದನೆಕಾಯಿ ತೊಟ್ಟು, ಕುಂಬಳದ ಸಿಪ್ಪೆ ಎಲ್ಲ ಮುಸುರಿ ಬಾನಿಗೆ ಬೀಳುತ್ತಿತ್ತು. ಅದು ಎಮ್ಮೆಗೆ. ಎಮ್ಮೆಯ ಸಗಣಿ, ಒಲೆಯ ಬೂದಿ, ಅಂಗಳ ಗುಡಿಸಿದ ಕಸ ಹಿತ್ತಲಿನ ತಿಪ್ಪಿಗೆ. ತಿಪ್ಪಿ ವರ್ಷಕ್ಕೊಮ್ಮೆ ಹೊಲಕ್ಕೆ. ದೀಪಾವಳಿಯಲ್ಲಿ ತಿಪ್ಪಿಗೂ ಒಂದು ದೀಪ ಇಡುವ ಜನ ಇವರು. ಬದುಕಿ ಬಾಳಲೆಂದು ಮಗನಿಗೆ ತಿಪ್ಪಣ್ಣ ಎಂದೇ ಹೆಸರಿಟ್ಟ ಮನೆಗಳಿವೆ. ಪೇಟೆಯ ಓಣಿಗಳಲ್ಲಿ ಎಮ್ಮೆ ಕಡಿಮೆಯಾದವು, ಹಿತ್ತಲುಗಳು ನಿವೇಶನಗಳಾದವು. ಮುಸುರಿ ಮಾತ್ರ ಕಡಿಮೆಯಾಗಲಿಲ್ಲ. ಅದು ಕ್ಯಾರಿಬ್ಯಾಗ್ ಸೇರಿ, ಗಂಟು ಹಾಕಿಸಿಕೊಂಡು, ಗಟಾರದ ಪಕ್ಕಕ್ಕೆ ಬಂದು ಕುಳಿತಿತು.

ಈಗ ಲೆಕ್ಕಕ್ಕೆ ಬರೋಣ. ಸಣ್ಣ ಊರುಗಳಲ್ಲಿ ತಲೆಗೆ ದಿನಕ್ಕೆ ಕಾಲು ಕಿಲೋ ಕಸ ಎಂದು ಹಿಡಿದು ಯೋಜನೆ ಹಾಕುವುದು ವಾಡಿಕೆ. 2011ರ ಜನಸಂಖ್ಯೆಯನ್ನೇ ಇಟ್ಟುಕೊಂಡರೂ ಸವಣೂರಿಗೆ ದಿನಕ್ಕೆ 10 ಟನ್, ಹಾನಗಲ್ಲ, ಶಿಗ್ಗಾವಿಗೆ ತಲಾ 7, ಹಿರೇಕೆರೂರಿಗೆ 5ಕ್ಕೆ ಸ್ವಲ್ಪ ಕಡಿಮೆ. ನಾಲ್ಕೂ ಸೇರಿ ಸುಮಾರು 29 ಟನ್. ನಮ್ಮ ದೇಶದ ಊರುಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಹಸಿ ಕಸ. ಅಂದರೆ 14 ಟನ್ನಿಗೂ ಮೇಲೆ. ಕೊಳೆತು ಗೊಬ್ಬರವಾಗುವಾಗ ನೀರು ಆರಿ, ಇಂಗಾಲ ಗಾಳಿ ಸೇರಿ, ಐದರಲ್ಲಿ ಒಂದು ಪಾಲು ಉಳಿಯುತ್ತದೆ. ದಿನಕ್ಕೆ ಸುಮಾರು 3 ಟನ್, ವರ್ಷಕ್ಕೆ ಒಂದು ಸಾವಿರ ಟನ್ನಿನ ಮೇಲೆ ಸ್ವಲ್ಪ.

ಸಾವಿರ ಟನ್ ಗೊಬ್ಬರ ಎಂದಾಕ್ಷಣ ಅಧಿಕಾರಿಗಳ ಮುಖ ಸಣ್ಣದಾಗುತ್ತದೆ: ಇದನ್ನು ಕೊಳ್ಳುವವರು ಯಾರು? ಗೋವಿನಜೋಳಕ್ಕೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕಬೇಕೆಂದು ಹಿಡಿಯಿರಿ. ನಾಲ್ಕು ಊರುಗಳ ಇಡೀ ವರ್ಷದ ಗೊಬ್ಬರ 260 ಎಕರೆಗೆ ಮುಗಿದುಹೋಯಿತು. ಹಿರೇಕೆರೂರೊಂದರದು 45 ಎಕರೆಗೂ ಸಾಲದು. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಎಷ್ಟು ಬೆಳೆಯುತ್ತಾರೆಂದು ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ಕಾಳು ದಾಟಿ ಹೋದವರಿಗೆ ಹೇಳಬೇಕಿಲ್ಲ. ಮಾರುಕಟ್ಟೆ ಇಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಚೂರು ಗಾಜಿಲ್ಲದ ಗೊಬ್ಬರ ಇಲ್ಲ, ಅಷ್ಟೇ. ಯೋಜನೆಯ ಕೇಂದ್ರಬಿಂದು ಹಾಗಾಗಿ ಊರಾಚೆಯ ಗೊಬ್ಬರದ ಘಟಕವೂ ಅಲ್ಲ, ಹೊಸ ಗಾಡಿಯೂ ಅಲ್ಲ. ಹಸಿ ಕಸ ಮನೆಯ ಹೊಸ್ತಿಲು ದಾಟುವ ಆ ಗಳಿಗೆ.

ಆದರೆ ಪುರಸಭೆಗಳು ಯೋಜನೆ ಎಂದರೆ ಖರೀದಿ ಎಂದುಕೊಂಡಿವೆ. ಆಟೊ ಟಿಪ್ಪರ್ ಎಷ್ಟು, ತಳ್ಳುಗಾಡಿ ಎಷ್ಟು, ಬಕೆಟ್ ಎಷ್ಟು, ಟೆಂಡರ್ ಯಾವಾಗ. ಊರಿನ ಕಸ ಎಷ್ಟೆಂದು ತೂಗಿದವರು ಅಪರೂಪ. ಮೇಲೆ ನಾನು ಹಾಕಿದ ಕಾಲು ಕಿಲೋದ ಲೆಕ್ಕ ಆರಂಭಕ್ಕೆ ಸಾಕು, ಗಾಡಿ ಕೊಳ್ಳಲು ಸಾಲದು. ತೂಗುವುದು ಕಷ್ಟದ ಕೆಲಸವೂ ಅಲ್ಲ. ಬೇರೆ ಬೇರೆ ಬಗೆಯ ಓಣಿಗಳನ್ನು ಆರಿಸಿಕೊಳ್ಳಬೇಕು: ಹಳೆ ಪೇಟೆಯದೊಂದು, ಹೊಸ ಬಡಾವಣೆಯದೊಂದು, ದನ ಕಟ್ಟಿದ ಮನೆಗಳದೊಂದು, ಅಂಗಡಿ ಸಾಲೊಂದು. ವಾರವಿಡೀ, ಸಂತೆಯ ದಿನವೂ ಸೇರಿದಂತೆ, ಅಲ್ಲಿಯ ಕಸವನ್ನು ತಾಡಪಾಲಿನ ಮೇಲೆ ಸುರಿಯಬೇಕು. ಸಲಿಕೆಯಿಂದ ಚೆನ್ನಾಗಿ ಕಲಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಹಾಕಿ, ಉಳಿದೆರಡನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಪಾಲು. ಕೈಗೆ ಸಿಗುವಷ್ಟು ಉಳಿದಾಗ ಆರಿಸಿ ತೂಗುವುದು: ಹಸಿ, ಕಾಗದ, ಪ್ಲಾಸ್ಟಿಕ್, ಬಟ್ಟೆ, ಗಾಜು, ಧೂಳು-ಮಣ್ಣು. ಗೊಬ್ಬರದಿಂದ ಹಿಡಿದು ಗಣಿ ಅದಿರಿನವರೆಗೆ ರಾಶಿಯ ಗುಣ ಅಳೆಯುವವರು ಬಳಸುವ ವಿಧಾನ ಇದು.

ತೂಗಿದಾಗ ಊರಿಂದೂರಿಗೆ ಗುಟ್ಟುಗಳು ಹೊರಬರುತ್ತವೆ. ಮಾವಿನ ಹಂಗಾಮಿನಲ್ಲಿ ಹಾನಗಲ್ಲಿನ ಕಸ ಏಪ್ರಿಲ್‌ನಿಂದ ಭಾರವಾಗುತ್ತದೆ. ವಾಟೆ ಬೇಗ ಕೊಳೆಯುವ ಜಾತಿಯದಲ್ಲ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ನಡೆದಲ್ಲಿ ಬಾಡಿದ ಎಲೆ ಬೀಳುತ್ತದೆ; ಗೊಬ್ಬರಕ್ಕೆ ಹೇಳಿಮಾಡಿಸಿದ ಸರಕು. ಆಯುಧ ಪೂಜೆಯ ಮರುದಿನ ಎಲ್ಲ ಊರಿನಲ್ಲೂ ಒಡೆದ ಬೂದುಗುಂಬಳ, ಬಾಳೆಕಂದು. ಗುಡಿಸಿದ ರಸ್ತೆಯ ಮಣ್ಣು ಮತ್ತು ಗಟಾರದಿಂದ ಎತ್ತಿದ ಹೂಳು ಇದರೊಳಗೆ ಸೇರಿದರಂತೂ ಎಲ್ಲ ಹಾಳು. ಆ ಕಪ್ಪು ಹೂಳು ತೂಕ ಹೆಚ್ಚಿಸುತ್ತದೆ, ಗೊಬ್ಬರ ಕೆಡಿಸುತ್ತದೆ; ಅದಕ್ಕೆ ಬೇರೆ ಗಾಡಿ, ಬೇರೆ ಹೊತ್ತು ಇರಬೇಕು.

ಗಾಡಿಯ ಗಣಿತವನ್ನು ಒಮ್ಮೆ ನೋಡಿ. ಬೆಂಗಳೂರಿನಲ್ಲಿ ಒಂದು ಆಟೊ ಟಿಪ್ಪರಿಗೆ 750 ಮನೆ ಎಂದು ಲೆಕ್ಕ ಹಿಡಿಯುತ್ತಾರೆ. ಮನೆಗೆ ಐದು ಜನ, ತಲೆಗೆ ಕಾಲು ಕಿಲೋ ಎಂದರೆ ದಿನಕ್ಕೆ 940 ಕಿಲೋ. ಎಲ್ಲ ಕಲಸಿದ ಕಸವಾದರೆ ಸಾಮಾನ್ಯ ಟಿಪ್ಪರಿಗೆ ಒಂದು ಸಲಕ್ಕೆ ಹಿಡಿಸದು. ಎರಡನೇ ಸುತ್ತು ಬೇಕು, ಅಂದರೆ ಊರಾಚೆಯ ಘಟಕಕ್ಕೆ ಇನ್ನೊಮ್ಮೆ ಹೋಗಿಬರುವ ಡೀಸೆಲ್ ಮತ್ತು ಒಂದು ತಾಸು. ಅದೇ ಗಾಡಿ ಪ್ರತಿದಿನ ಹಸಿ ಕಸವನ್ನಷ್ಟೇ ಎತ್ತಿದರೆ 470 ಕಿಲೋ. ಹಸಿ ಕಸ ದಟ್ಟ, ಒಂದು ಘನ ಮೀಟರ್ ಜಾಗ ಸಾಕು. ಒಂದೇ ಸುತ್ತಿಗೆ ಕೆಲಸ ಮುಗಿಯಿತು. ಒಣ ಕಸ ಹಗುರ, ಆದರೆ ಜಾಗ ತಿನ್ನುತ್ತದೆ. ಮನೆಯಲ್ಲಿ ನಾಲ್ಕು ದಿನ ಇಟ್ಟರೂ ನಾರುವುದಿಲ್ಲ. ಅದಕ್ಕೆ ವಾರಕ್ಕೆರಡು ದಿನ ಟ್ರ್ಯಾಕ್ಟರ್ ಟ್ರೇಲರ್ ಸಾಕು. ಬೇರ್ಪಡಿಸುವುದೆಂದರೆ ಖರ್ಚು ಹೆಚ್ಚು ಎನ್ನುವವರು ಈ ಗುಣಾಕಾರ ಮಾಡಿ ನೋಡಿದಂತಿಲ್ಲ.

ಇನ್ನು ದಾರಿ. 1736ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವಿಲ್ಲವೆಂದು ತೋರಿಸಿದ. ಆತ ಕಂಡುಕೊಂಡ ನಿಯಮ ಕಸದ ಗಾಡಿಯ ಚಾಲಕನಿಗೂ ಅನ್ವಯ. ಯಾವ ರಸ್ತೆಯನ್ನೂ ಎರಡನೇ ಸಲ ತುಳಿಯದೆ ಊರೆಲ್ಲ ಸುತ್ತಿ ಹೊರಟಲ್ಲಿಗೇ ಬರಬೇಕಾದರೆ, ಪ್ರತಿ ಕೂಡುಜಾಗದಲ್ಲಿ ಸೇರುವ ರಸ್ತೆಗಳ ಸಂಖ್ಯೆ ಸಮ ಇರಬೇಕು. ನಾಲ್ಕು ರಸ್ತೆ ಸೇರಿದರೆ ಸರಿ; ಮೂರು ಸೇರಿದರೆ ತೊಡಕು; ಮುಂದೆ ದಾರಿಯೇ ಇಲ್ಲದ ಓಣಿಯ ತುದಿಯೂ ಬೆಸವೇ. ಹೊಸ ಬಡಾವಣೆಗಳು ಚೌಕಳಿಯಂತಿರುತ್ತವೆ, ಅಲ್ಲಿ ತೊಂದರೆ ಕಡಿಮೆ. ಹಳೆ ಪೇಟೆ ಎಂದರೆ ಮೂರು ದಾರಿ ಕೂಡುವ ಮೂಲೆಗಳೇ ಮೂಲೆಗಳು, ನಡುನಡುವೆ ಮುಚ್ಚಿದ ಸಂದಿಗಳು. ಅಲ್ಲಿ ಗಾಡಿ ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. 1960ರಲ್ಲಿ ಚೀನಾದ ಗ್ವಾನ್ ಮೇಗು ಎಂಬ ಗಣಿತಜ್ಞ ಅಂಚೆಯವನ ಸುತ್ತಾಟವನ್ನು ಮುಂದಿಟ್ಟುಕೊಂಡು ಇದನ್ನೇ ಕೇಳಿದ: ಎರಡು ಸಲ ತುಳಿಯುವುದು ಅನಿವಾರ್ಯವಾದರೆ ಯಾವ ರಸ್ತೆಗಳನ್ನು ತುಳಿಯಬೇಕು? ಬೆಸ ಮೂಲೆಗಳ ಸಂಖ್ಯೆ ಯಾವ ಊರಿನಲ್ಲೂ ಸಮವೇ ಇರುತ್ತದೆ. ಅವನ್ನು ಜೋಡಿ ಜೋಡಿ ಮಾಡಿ, ಜೋಡಿಗಳ ನಡುವಿನ ಒಟ್ಟು ದೂರ ಅತಿ ಕಡಿಮೆಯಾಗುವಂತೆ ಆರಿಸಬೇಕು. 1974ರಲ್ಲಿ ಎಡ್ವರ್ಡ್ ಬೆಲ್ಟ್ರಾಮಿ ಮತ್ತು ಲಾರೆನ್ಸ್ ಬೋಡಿನ್ ಈ ಜಾತಿಯ ಗಣಿತವನ್ನು ನೇರವಾಗಿ ನಗರದ ಕಸ ಎತ್ತುವ ಗಾಡಿಗಳಿಗೆ ಹಚ್ಚಿ ಪ್ರಬಂಧ ಬರೆದರು.

ಸವಣೂರಿಗೆ ಅಥವಾ ಹಾನಗಲ್ಲಿಗೆ ಕಂಪ್ಯೂಟರ್ ಬೇಕಿಲ್ಲ. ವಾರ್ಡಿನ ನಕಾಶೆ, ಒಂದು ಪೆನ್ಸಿಲ್, ಆ ಓಣಿಗಳಲ್ಲಿ ದಿನಾ ಓಡಾಡುವ ಚಾಲಕ ಇಷ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಬೆಸ ಮೂಲೆಗಳನ್ನು ಗುರುತಿಸಬಹುದು. ಆಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಟಿಪ್ಪರಿನ ಅಗಲ ಒಂದೂವರೆ ಮೀಟರ್. ಎದುರಿಗೊಂದು ಬೈಕು ನಿಂತರೆ ಸಂದಿಯಲ್ಲಿ ಅದು ಸಿಕ್ಕಿಬಿದ್ದಂತೆ. ಮುಚ್ಚಿದ ಸಂದಿಗಳನ್ನೆಲ್ಲ ತಳ್ಳುಗಾಡಿಗೆ ಬಿಟ್ಟು, ಟಿಪ್ಪರನ್ನು ಓಣಿಯ ಬಾಯಲ್ಲೇ ನಿಲ್ಲಿಸಿದರೆ ಬೆಸ ಮೂಲೆಗಳಲ್ಲಿ ಬಹುಪಾಲು ನಕಾಶೆಯಿಂದಲೇ ಮಾಯ. ಗಾಡಿ ಬರುವ ಹೊತ್ತು ನಿಗದಿಯಾಗಿರಬೇಕು ಎಂಬುದನ್ನು ಬೇರೆ ಹೇಳಬೇಕೇ? ಹೊಲದ ಕೂಲಿಗೆ ಏಳಕ್ಕೇ ಹೊರಡುವ ಮನೆಗೆ ಒಂಬತ್ತಕ್ಕೆ ಗಾಡಿ ಕಳಿಸಿದರೆ ಆ ಮನೆಯ ಕಸ ಗಟಾರಕ್ಕೇ. ತಪ್ಪು ಆ ಮನೆಯವರದಲ್ಲ.

ಬೇರ್ಪಟ್ಟ ಹಸಿ ಕಸ ಘಟಕ ಮುಟ್ಟಿತು ಅನ್ನಿ. ಅಲ್ಲಿಂದ ಮುಂದಿನ ಕೆಲಸವನ್ನು ಕೂಲಿಯಿಲ್ಲದೆ ಮಾಡುವ ಜೀವಿಗಳಿವೆ. ನಾವು ಅವಕ್ಕೆ ಊಟದ ಅಳತೆ ತಪ್ಪಿಸಬಾರದು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಅವುಗಳ ಹದ. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಇದಕ್ಕಿಂತ ಕಡಿಮೆ, ಹೀಗಾಗಿ ಬರೀ ಸಿಪ್ಪೆ ಗುಡ್ಡೆ ಹಾಕಿದರೆ ಹೆಚ್ಚಾದ ಸಾರಜನಕ ಅಮೋನಿಯವಾಗಿ ಮೂಗಿಗೆ ಹೊಡೆಯುತ್ತದೆ. ಒಣ ಎಲೆ, ಗೋವಿನಜೋಳದ ದಂಟು, ಕಾಳು ಬಿಡಿಸಿ ಉಳಿದ ದಿಂಡಿನ ಪುಡಿ ಇಂಗಾಲದ ಗಣಿ. ಹೊಲದಲ್ಲಿ ಸುಟ್ಟು ಹಾಕುವ ಆ ದಂಟನ್ನೇ ಊರಿನ ಸಿಪ್ಪೆಗೆ ಪದರ ಪದರವಾಗಿ ಸೇರಿಸಿದರೆ ಎರಡೂ ಕಡೆಯ ಪೀಡೆ ತೊಲಗುತ್ತದೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ನೀರು ಸುರಿದರೆ ಹೆಚ್ಚಾಯಿತು, ಹನಿಯೇ ಇಲ್ಲದಿದ್ದರೆ ಕಡಿಮೆ.

ಎರಡು ಮೂರು ದಿನದಲ್ಲಿ ರಾಶಿಯೊಳಗೆ ಬಿಸಿ ಏರುತ್ತದೆ. 40 ಡಿಗ್ರಿ ದಾಟಿದಾಗ ಮೊದಲ ತಂಡದ ಬ್ಯಾಕ್ಟೀರಿಯಾಗಳು ಹಿಂದೆ ಸರಿದು ಬಿಸಿ ಪ್ರಿಯ ಜಾತಿಗಳು ಕೆಲಸ ಹಿಡಿಯುತ್ತವೆ. 55ರಿಂದ 65 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಆ ಶಾಖದಲ್ಲಿ ರೋಗಾಣುಗಳು, ಜಂತುಹುಳದ ಮೊಟ್ಟೆ, ಟೊಮೆಟೊ ಬೀಜ, ಕಳೆಯ ಬೀಜ ಸಾಯುತ್ತವೆ. ಚಳಿಗಾಲದ ನಸುಕಿನಲ್ಲಿ ರಾಶಿ ಮಗುಚಿದರೆ ಹಬೆ ಏಳುವುದು ಕಾಣುತ್ತದೆ. ಕೆಲವು ವಾರಗಳ ಬಳಿಕ ಬಿಸಿ ಇಳಿದಾಗ ದಂಟಿನ ಚೂರುಗಳ ಮೇಲೆ ಬೂದಿ ಉದುರಿಸಿದಂತೆ ಬಿಳಿ ಎಳೆಗಳು. ಹೊಸಬರು ಬೂಷ್ಟು ಎಂದು ಗಾಬರಿಯಾಗುತ್ತಾರೆ. ಅವು ಆಕ್ಟಿನೊಮೈಸಿಟ್ಸ್ ಎಂಬ ಬ್ಯಾಕ್ಟೀರಿಯಾ. ಮೊದಲ ಮಳೆಗೆ ಮಣ್ಣಿನಿಂದ ಏಳುವ ಘಮದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವುದು ಇವುಗಳದೇ ಬಳಗ. ಗೊಬ್ಬರ ಪಕ್ವವಾಯಿತೇ ಎಂಬ ಪರೀಕ್ಷೆಗೆ ಮೂಗೇ ಸಾಕು. ಎರೆಹುಳು ಬಿಡುವವರು ಈ ಬಿಸಿ ಇಳಿಯುವವರೆಗೆ ಕಾಯಬೇಕು. ಅವಸರ ಮಾಡಿದರೆ ಹುಳು ಬೇಯುತ್ತವೆ.

ಮಗುಚಲು ಆಳಿಲ್ಲ ಎಂಬ ಊರಿಗೂ ನಮ್ಮಲ್ಲೇ ಹುಟ್ಟಿದ ಉತ್ತರವಿದೆ. ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. 1939ರಲ್ಲಿ ಸಿ.ಎನ್. ಆಚಾರ್ಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಊರ ಕಸಕ್ಕೆಂದೇ ಬೇರೆ ದಾರಿ ಕಂಡುಹಿಡಿದರು: ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಕೈ ಹಚ್ಚದೆ ಬಿಡುವುದು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಬೆಂಗಳೂರು ವಿಧಾನ ಎಂದೇ ಹೆಸರು. ಬೇಗ ಆಗುವುದು ಇಂದೋರಿನದು, ಆಳು ಉಳಿಸುವುದು ಬೆಂಗಳೂರಿನದು. ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಮಳೆಗಾಲದ ಗುಂಡಿ ನೀರು ತುಂಬಿಕೊಳ್ಳುತ್ತದೆ, ಅಲ್ಲಿ ತಗಡಿನ ಚಾವಣಿಯ ಕೆಳಗೆ ನೆಲದ ಮೇಲಿನ ರಾಶಿಯೇ ವಾಸಿ. ಬಯಲಿನ ಸವಣೂರಿಗೆ ಗುಂಡಿ ನಡೆಯುತ್ತದೆ. ನಾಲ್ಕೂ ಊರಿಗೆ ಒಂದೇ ನಮೂನೆಯ ಘಟಕದ ನಕ್ಷೆ ಕಳಿಸುವುದು ಬೆಂಗಳೂರಿನ ಕಚೇರಿಗೆ ಸುಲಭ, ಊರಿಗಲ್ಲ.

ಹಸಿ ಕಸವನ್ನು ಬೇರ್ಪಡಿಸದೆ ಉಳಿದುದರ ಜೊತೆ ಕಲಸಿ ಸುರಿದರೆ ಏನಾಗುತ್ತದೆ? ಗಾಳಿ ಆಡದ ಗುಡ್ಡೆಯೊಳಗೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುವ ಅನಿಲ ಅದು. ಬೇಸಿಗೆಯಲ್ಲಿ ಗುಡ್ಡೆಗೆ ಬೆಂಕಿ ಬೀಳುವುದು, ಮಳೆಗಾಲದಲ್ಲಿ ಕಪ್ಪು ರಸ ಇಳಿದು ಬಾವಿ ಸೇರುವುದು ಎರಡಕ್ಕೂ ಮೂಲ ಹಸಿ ಕಸವೇ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಮಂದಾರ ಎಂಬಲ್ಲಿನ ಮನೆ ತೋಟಗಳ ಮೇಲೆ ಹರಿಯಿತು.

ಈ ಎಲ್ಲದರ ನಡುವೆ ಕಸಕ್ಕೆ ಕೈ ಹಾಕುವ ಮನುಷ್ಯರಿದ್ದಾರೆ. ಸವಣೂರಿನ ಹೆಸರು ಬಂದಾಗ ಇದನ್ನು ದಾಟಿ ಹೋಗಲಾಗದು. 2010ರ ಜುಲೈನಲ್ಲಿ, ತಲೆಮಾರುಗಳಿಂದ ಮಲ ಎತ್ತುತ್ತಿದ್ದ ಕುಟುಂಬಗಳವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಮಲ ಹೊರುವುದನ್ನು ನಿಷೇಧಿಸಿದ ಕಾನೂನು 1993ರಲ್ಲೇ ಬಂದಿತ್ತು. ಹದಿನೇಳು ವರ್ಷದ ಬಳಿಕವೂ ಆ ಕೆಲಸ ಇತ್ತೆಂಬುದನ್ನು ದೇಶ ಅವರಿಂದ ತಿಳಿಯಿತು. 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಕಸದ ಬುಟ್ಟಿಗೆ ಡೈಪರ್, ಪ್ಯಾಡ್, ಬ್ಲೇಡು, ಇಂಜೆಕ್ಷನ್ ಸೂಜಿ ಎಲ್ಲವನ್ನೂ ಸಿಪ್ಪೆಯ ಜೊತೆ ಸುರಿಯುವ ಮನೆ, ಅದನ್ನು ಬರಿಗೈಯಲ್ಲಿ ಆರಿಸುವ ಪೌರಕಾರ್ಮಿಕರು: ಇದೂ ಅದೇ ಸರಣಿಯ ಮುಂದುವರಿಕೆ ಎಂದೇ ನನ್ನ ಭಾವನೆ. ಬೆಂಗಳೂರಿನ ಕೆಲವು ಬಡಾವಣೆಗಳ ಮಹಿಳೆಯರು ಪ್ಯಾಡನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡುವ ರೂಢಿ ಮಾಡಿದರು. ಚುಕ್ಕೆ ಕಂಡವರು ಪೊಟ್ಟಣ ಬಿಚ್ಚುವುದಿಲ್ಲ. ಖರ್ಚಿಲ್ಲದ ಇದಕ್ಕಿಂತ ಒಳ್ಳೆಯ ಸುರಕ್ಷಾ ಸಾಧನ ನನಗೆ ಗೊತ್ತಿಲ್ಲ.

ಒಣ ಕಸಕ್ಕೆ ಹೆಚ್ಚು ಮಾತು ಬೇಡ. ರದ್ದಿ, ರಟ್ಟು, ಬಾಟಲಿ, ಕಬ್ಬಿಣಕ್ಕೆ ಗುಜರಿಯವರಿದ್ದಾರೆ. ಪುರಸಭೆ ಅವರ ಜೊತೆ ಪೈಪೋಟಿಗಿಳಿಯದೆ ಅವರನ್ನೇ ಒಳಗೆ ತಂದುಕೊಂಡರೆ ಸಾಕು. ಯಾರಿಗೂ ಬೇಡದ್ದು ಗುಟ್ಕಾ ಚೀಟಿ, ಚಿಪ್ಸ್ ಪೊಟ್ಟಣ. ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್ ಮತ್ತು ಲೋಹವನ್ನು ಬಿಡಿಸಲಾಗದು, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬಹುದಷ್ಟೇ. ಸಡಿಲವಾಗಿ ಕಳಿಸಿದರೆ ಲಾರಿಯಲ್ಲಿ ಗಾಳಿಯೇ ಹೋಗುತ್ತದೆ. ಒತ್ತಿ ಬೇಲು ಕಟ್ಟಲು ಯಂತ್ರ ಬೇಕು. ಒಂದು ಸಣ್ಣ ಊರಿಗೆ ಆ ಯಂತ್ರ ಗಿಟ್ಟದು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸ ಒಂದೇ ಕೇಂದ್ರಕ್ಕೆ ಬರುತ್ತದೆ. ಶಿಗ್ಗಾವಿ ಮತ್ತು ಸವಣೂರು ಅಕ್ಕಪಕ್ಕ, ಹಾನಗಲ್ಲವೂ ದೂರವಲ್ಲ. ಮೂರಕ್ಕೂ ಸೇರಿ ಒಂದು ಬೇಲಿಂಗ್ ಕೇಂದ್ರ ಸಾಕು. ಹಿರೇಕೆರೂರು ರಾಣೆಬೆನ್ನೂರಿನ ಕಡೆ ಮುಖ ಮಾಡುವುದು ಲೇಸು. ಹಸಿ ಕಸವನ್ನು ಮಾತ್ರ ಯಾವ ಊರೂ ತನ್ನ ಎಲ್ಲೆ ದಾಟಿಸಬಾರದು. ಅದರ ಮುಕ್ಕಾಲು ಪಾಲು ನೀರು. ನೀರನ್ನು ಲಾರಿಯಲ್ಲಿ ಹೊತ್ತು ಡೀಸೆಲ್ ಸುಡುವುದರಲ್ಲಿ ಅರ್ಥವಿಲ್ಲ.

ಮನೆಯಲ್ಲೇ ಮೂರು ಡಬ್ಬಿಗೆ ಕಸ ಬೇರ್ಪಡಿಸುವ ಮಾತು ಹೊಸದೇನೂ ಅಲ್ಲ. 1883ರಲ್ಲೇ ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪೂಬೆಲ್ ಪ್ರತಿ ಮನೆಯೂ ಕೊಳೆಯುವುದಕ್ಕೊಂದು, ಕಾಗದ-ಬಟ್ಟೆಗೊಂದು, ಒಡೆದ ಪಿಂಗಾಣಿ ಮತ್ತು ಸಿಂಪಿ ಚಿಪ್ಪಿಗೊಂದು ಡಬ್ಬಿ ಇಡಬೇಕೆಂದು ಆಜ್ಞೆ ಹೊರಡಿಸಿದ. ನಮ್ಮ 2016ರ ಘನತ್ಯಾಜ್ಯ ನಿಯಮವೂ ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿತು. ಆಜ್ಞೆ ಹೊರಡಿಸುವುದು ಎಲ್ಲ ಕಾಲಕ್ಕೂ ಸುಲಭವೇ. ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯವನು ಒಂದೇ ಡಬ್ಬಕ್ಕೆ ಸುರಿಯುವುದನ್ನು ಒಮ್ಮೆ ಕಂಡ ಗೃಹಿಣಿ ಮರುದಿನದಿಂದ ಬೇರ್ಪಡಿಸುವುದಿಲ್ಲ. ಅವಳನ್ನು ಮತ್ತೆ ಒಪ್ಪಿಸಲು ಬೀದಿನಾಟಕ, ಗೋಡೆಬರಹ ಯಾವುದೂ ಸಾಲದು. ಹಾಗಾಗಿ ಹಸಿ, ಒಣ ಕಸಕ್ಕೆ ಬೇರೆ ಬೇರೆ ಗಾಡಿ ಮೊದಲು, ಮನೆಗೆ ಬೇರೆ ಬೇರೆ ಬಕೆಟ್ ಆಮೇಲೆ.

ನಿಮ್ಮ ಊರಿನ ಪುರಸಭೆಯ ಸಭೆಯಲ್ಲಿ ಹೊಸ ಟಿಪ್ಪರ್ ಖರೀದಿಯ ವಿಷಯ ಬಂದಾಗ ವಾರ್ಡಿನ ಸದಸ್ಯರನ್ನು ಎರಡು ಪ್ರಶ್ನೆ ಕೇಳಿ. ನಮ್ಮ ಓಣಿಯ ಕಸದ ವಾರದ ತೂಕ ಎಷ್ಟು? ಕಳೆದ ವರ್ಷ ಘಟಕದಿಂದ ಎಷ್ಟು ಟನ್ ಗೊಬ್ಬರ ಯಾವ ರೈತರ ಹೊಲಕ್ಕೆ ಹೋಯಿತು? ಉತ್ತರ ಕಡತದಲ್ಲಿ ಇಲ್ಲದಿದ್ದರೆ ಟೆಂಡರಿಗೆ ಮೊದಲು ಒಂದು ತಕ್ಕಡಿ ಕೊಳ್ಳಲು ಹೇಳಿ.